ಜೈಲುಮನೆಯ ಎರಡನೆಯವಳು

ಮಾರ್ಚ್ 6, 1932, ಭಾನುವಾರ

ಇವತ್ತು ಬರೆಯಲೇಬೇಕು. ಇಲ್ಲದಿದ್ದರೆ ಯಾರ ಮೇಲಾದರೂ ಹರಿಹಾಯ್ದುಬಿಡುತ್ತೇನೆ. ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ಅಂಚೆಯವನ ಹೆಂಡತಿ ಪರವೂರಿನವರಿಗೆ ನನ್ನನ್ನು ತೋರಿಸಿ, "ಇವ್ಳು ಮಿಂಟಾ ಅಂತ, ಜೈಲರ್ ಫ್ಯಾರಿಸ್ ಮನೇಲಿರೋಳು" ಅಂದಳು. ಮನೇಲಿರೋಳಂತೆ! ಅಕ್ಟೋಬರಿನಲ್ಲಿ ಇಡೀ ಹೇಜಲ್‌ಫೋರ್ಕ್ ಸೇರಿ ಕೇಕು ತಿಂದು ಹೋಯಿತಲ್ಲ, ಅದು ಯಾರ ಮದುವೆ?

ಈ ಊರಿಗೆ ಫ್ಯಾರಿಸ್‌ನ ಹೆಂಡತಿ ಅಂದರೆ ಇನ್ನೂ ಲುರೇನಾ. ಆಕೆ ಜ್ವರದಲ್ಲಿ ತೀರಿಕೊಂಡು ಕೋರ್ಟು ಕಚೇರಿಯ ಹಿಂದಿನ ಗುಡ್ಡದಲ್ಲಿ ಮಣ್ಣಾಗಿ ಇದು ಎರಡನೆಯ ಚಳಿಗಾಲ. ಹೂಳುವುದೇನೋ ಮರುದಿನವೇ ಆಯಿತು. ಸಾವಿನ ಪ್ರಸಂಗ, ಅಂದರೆ ಸಮಾಧಿಯ ಹತ್ತಿರ ಜನ ಸೇರಿಸಿ ಬೋಧಕರು ಸತ್ತವರ ಬಗ್ಗೆ ಆಡುವ ಮಾತು, ಅದು ಮಾತ್ರ ಇನ್ನೂ ಆಗಿಲ್ಲ. ತನಗೆ ದೀಕ್ಷಾಸ್ನಾನ ಮಾಡಿಸಿದ ಬೋಧಕ ಅನ್ಸೆಲ್ ಅವರೇ ಬಂದು ಹೇಳಬೇಕು ಅಂತ ಆಕೆ ಕೇಳಿಕೊಂಡಿದ್ದಳಂತೆ. ಅವರಿರುವುದು ಬೆಟ್ಟದಾಚೆ. ಹೋದ ಬೇಸಿಗೆ ಅವರಿಗೆ ಕಾಯಿಲೆ, ಆಮೇಲೆ ಹೊಳೆ ತುಂಬಿತು, ಆಮೇಲೆ ಹಿಮ. ಪ್ರಸಂಗ ಆಗುವ ತನಕ ನಮ್ಮಲ್ಲಿ ಸತ್ತವರು ಪೂರ್ತಿ ಹೋದ ಹಾಗಲ್ಲ. ಗಂಡಸರು ಮಾತ್ರ ಅಷ್ಟು ದಿನ ಕಾಯುವುದಿಲ್ಲ. ಅಡುಗೆ ಆಗಬೇಕಲ್ಲ.

ಅದೂ ಎಂಥ ಅಡುಗೆ! ಜೈಲಿನ ಮುಂದಿನ ಮೂರು ಕೋಣೆ ನಮ್ಮ ಸಂಸಾರಕ್ಕೆ, ಹಿಂದಿನ ಸರಳುಗಳ ಒಳಗೆ ಕೌಂಟಿಯ ಕಳ್ಳರು, ಕುಡುಕರು. ಜೈಲರನ ಹೆಂಡತಿಯಾದವಳು ಎಲ್ಲರಿಗೂ ಬೇಯಿಸಿ ಹಾಕಬೇಕು. ಕಳ್ಳಬಟ್ಟಿ ಕಾಯಿಸಿ ಪ್ರತಿ ಚಳಿಗಾಲಕ್ಕೂ ಸರಿಯಾಗಿ ಸಿಕ್ಕಿಬೀಳುವ ಶೇಡ್ ತಾತ ಇವತ್ತು ತಟ್ಟೆ ವಾಪಸು ಕೊಡುತ್ತ, "ಮಿಂಟಕ್ಕ, ನ್ಯಾಯಾಧೀಶರು ನಂಗೆ ಆರು ತಿಂಗಳು ಅಂದಿದ್ರು. ನಿನ್ನ ಬೀನ್ಸ್ ಕಾಳು ತಿನ್ನೋ ಶಿಕ್ಷೆ ಬೇರೆ ಇದೆ ಅಂತ ಹೇಳಿರ್ಲಿಲ್ಲ. ಲುರೇನಾ ಇದ್ದಾಗ..." ಅಂತ ಶುರು ಮಾಡಿದ. ಬಾಗಿಲು ದಡಾರನೆ ಹಾಕಿಕೊಂಡು ಬಂದೆ.

ಆಕೆಯ ಮಗಳು ಡೆಲ್ಫಿಗೆ ಒಂಬತ್ತು ವರ್ಷ. ನನ್ನನ್ನು ಅವಳು ಏನೆಂದೂ ಕರೆಯುವುದಿಲ್ಲ. ಬೇಕಾದಾಗ ಎದುರಿಗೆ ಬಂದು ನಿಲ್ಲುತ್ತಾಳೆ, ನಾನೇ ತಿರುಗಿ ನೋಡಬೇಕು. ಅದೇ ಕಣ್ಣು, ಅದೇ ಗದ್ದ ಅಂತ ಊರವರೆಲ್ಲ ಹೇಳುತ್ತಾರೆ. ಇರಲಿ, ನನ್ನ ಕರ್ಮ.

ಮಾರ್ಚ್ 21

ಇವತ್ತು ಕೋರ್ಟಿನ ಸೋಮವಾರ. ಕಣಿವೆ ಕಣಿವೆಗಳಿಂದ ಜನ ಇಳಿದು ಬಂದು ಕಚೇರಿಯ ಸುತ್ತ ಹೇಸರಗತ್ತೆ ಕಟ್ಟಿದ್ದರು. ಒಬ್ಬನಿಗೆ ಗಡಿ ತಗಾದೆ, ಒಬ್ಬನಿಗೆ ನಾಯಿ ವ್ಯಾಪಾರ, ಉಳಿದವರಿಗೆ ಬೆಂಚಿನ ಮೇಲೆ ಕೂತು ಕಡ್ಡಿ ಕೆತ್ತುವ ಕೆಲಸ. ಲುರೇನಾಳ ತಾಯಿ ಟೆಂಪಜ್ಜಿಯೂ ಮೊಟ್ಟೆ ಬುಟ್ಟಿ ಹೊತ್ತು ಬಂದಿದ್ದಳು. ನನ್ನ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದಳು. ಮುದುಕಿ ಒಳ್ಳೆಯವಳೇ. ಅದೇ ನನಗೆ ಕಷ್ಟ.

"ನೋಡಮ್ಮಾ," ಅಂದಳು, "ತಾಯಿ ಪ್ರಸಂಗ ಆಗೋವರ್ಗೂ ಮಗು ತಾಯಿ ಮನೇಲಿರ್ಬೇಕು. ಅದಾದ ಮೇಲೆ ಅವ್ಳನ್ನ ನನ್ನ ಹತ್ರ ಕರ್ಕೊಂಡೋಗ್ತೀನಿ. ಫ್ಯಾರಿಸ್ ಹೂಂ ಅಂದಿದಾನೆ. ನೀನೇನಂತೀಯಾ?"

"ನಾನೇ ಬಟ್ಟೆ ಗಂಟು ಕಟ್ಟಿ ಕೊಡ್ತೀನಿ ಅಜ್ಜಿ," ಅಂದೆ. ಮಾತು ಬಾಯಿಂದ ಅಷ್ಟು ಬೇಗ ಬಂತು. ಅಜ್ಜಿ ಒಂದು ಕ್ಷಣ ನನ್ನ ಮುಖ ನೋಡಿ ಲೋಟ ಕೆಳಗಿಟ್ಟಳು.

ಇವರು ಬಾಗಿಲಲ್ಲಿ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಿದ್ದರು. ಇವರಿಗೆ ಮಾತು ಬರುವುದು ಜೈಲರ್ ಹುದ್ದೆಯ ಚುನಾವಣೆ ಹತ್ತಿರ ಬಂದಾಗ ಮಾತ್ರ.

ಖುಷಿಯಾಗಿದೆ, ಸುಳ್ಳೇಕೆ ಹೇಳಲಿ. ಪ್ರಸಂಗ ಆಗಲಿ, ಹುಡುಗಿ ಹೋಗಲಿ, ನಾನು ಈ ಮನೆಯ ಹೆಂಗಸಾಗಲಿ.

ಏಪ್ರಿಲ್ 10

ಬೋಧಕರು ಹದಿನೈದು ಮೈಲಿ ದೂರದ ಸಭೆಗೆ ಬರುತ್ತಾರೆ ಅಂತ ಅಂಚೆಯವನು ಹೇಳಿದ. ಇವರನ್ನು ಕೇಳಿದರೆ "ಮುಂದಿನ ವರ್ಷ ನೋಡೋಣ ಬಿಡೇ" ಅಂದರು. ನೋಡೋಣ ಬಿಡು ಅನ್ನುವ ಗಂಡಸರನ್ನು ನಂಬಿ ಕೂತರೆ ನನ್ನ ಕೂದಲು ಬೆಳ್ಳಗಾದೀತು. ಹೇಸರಗತ್ತೆ ಹತ್ತಿ ನಾನೇ ಹೋದೆ. ಕೆಸರು ಮೊಣಕಾಲಿನವರೆಗೆ. ಅನ್ಸೆಲ್ ಅವರಿಗೆ ಕೈ ನಡುಗುತ್ತದೆ, ಧ್ವನಿ ಮಾತ್ರ ಗಟ್ಟಿ. "ಮೊದಲ ಹೆಂಡತಿ ಪ್ರಸಂಗಕ್ಕೆ ಎರಡನೆಯವ್ಳು ಬಂದು ಕರೀತಿರೋದು ನನ್ನ ಜನ್ಮದಲ್ಲಿ ಇದೇ ಮೊದಲು," ಅಂದರು. ಹೊಗಳಿದರೋ ತಮಾಷೆ ಮಾಡಿದರೋ ತಿಳಿಯಲಿಲ್ಲ. ಆಗಸ್ಟ್ ಮೂರನೆಯ ಭಾನುವಾರ ಗೊತ್ತಾಯಿತು.

ವಾಪಸು ಬಂದಾಗ ಡೆಲ್ಫಿ ಮೆಟ್ಟಿಲ ಮೇಲೆ ಕೂತಿದ್ದಳು. "ಯಾವಾಗ?" ಅಂದಳು. ಹೇಳಿದೆ. ಎದ್ದು ಒಳಗೆ ಹೋದಳು.

ಏಪ್ರಿಲ್ 28

ಮಳೆ. ಹುಡುಗಿ ದಿನವಿಡೀ ಕಿಟಕಿಯ ಹತ್ತಿರ. ನಾನು ಒಲೆಯ ಹತ್ತಿರ.

ಮೇ 14

ಡೆಲ್ಫಿ ಕಚೇರಿಯ ಮೆಟ್ಟಿಲ ಮೇಲೆ ಗುಮಾಸ್ತನ ಮಗಳ ಜೊತೆ ಹೊಡೆದಾಡಿಕೊಂಡು ಬಂದಳು. ತುಟಿ ಒಡೆದಿದೆ, ಅಂಗಿಯ ತೋಳು ಹರಿದಿದೆ. ಏನಾಯಿತು ಅಂದರೆ ಬಾಯಿ ಬಿಡಲಿಲ್ಲ. ಕಿಟಕಿಯಿಂದ ಎಲ್ಲವನ್ನೂ ನೋಡಿದ ಶೇಡ್ ತಾತನೇ ಹೇಳಬೇಕಾಯಿತು.

"ಆ ಹುಡ್ಗಿ ನಿನ್ನನ್ನ ಕೂಲಿ ಹೆಂಗ್ಸು ಅಂದ್ಲು. 'ನಿಮ್ಮಪ್ಪ ಜೈಲಡಿಗೆಗೆ ಇಟ್ಕೊಂಡಿರೋಳು' ಅಂತ. ಅಷ್ಟೇ ನೋಡು, ನಮ್ಮವ್ಳು ಎರಡು ಜಡೇನೂ ಹಿಡಿದು ಎಳೆದ್ಲು. ಒಳಗಿರೋ ನಾವೆಲ್ಲ ಚಪ್ಪಾಳೆ ಹೊಡೆದ್ವಿ."

ಗುಮಾಸ್ತನ ಹೆಂಡತಿ ಜಗಳಕ್ಕೆ ಬಂದಳು. ಬಂದ ದಾರಿಯಲ್ಲೇ ಕಳಿಸಿದೆ. ತೋಳು ಹೊಲಿಯುವುದರಲ್ಲೇ ಮಧ್ಯಾಹ್ನ ಹಾಳಾಯಿತು. ಹೊಲಿದದ್ದು ಕಾಣಬಾರದು ಅಂತ ಅದೇ ಬಣ್ಣದ ದಾರಕ್ಕೆ ಅಂಗಡಿಗೆ ಎರಡು ಸಲ ಹೋದೆ. ಹುಡುಗಿಯಿಂದ ನನಗೆ ಇರುವ ಕೆಲಸವೇ ದುಪ್ಪಟ್ಟು.

ಜೂನ್ 12

"ಬೋಧಕರು ಅಮ್ಮನ ಬಗ್ಗೆ ಏನ್ ಹೇಳ್ತಾರೆ?" ಅಂತ ಡೆಲ್ಫಿ ಕೇಳಿದಳು. ಪಾತ್ರೆ ಒರೆಸುತ್ತಿದ್ದಳು, ನನ್ನ ಕಡೆ ನೋಡದೆ. "ಅವ್ರು ಅಮ್ಮನ್ನ ನೋಡಿ ಎಷ್ಟೋ ವರ್ಷ ಆಯ್ತು. ಸುಮ್ನೆ ಒಳ್ಳೆಯವ್ಳು ಅಂತ ಹೇಳಿ ಮುಗಿಸ್ತಾರೆ."

ಮಾತು ಸರಿಯೇ. ನಾನೂ ಎಷ್ಟೋ ಪ್ರಸಂಗ ಕೇಳಿದ್ದೇನೆ. ಎಲ್ಲ ಹೆಂಗಸರೂ ಒಳ್ಳೆಯವರು, ಎಲ್ಲರೂ ಒಂದೇ ಅಚ್ಚಿನವರು.

ಮಧ್ಯಾಹ್ನ ತಟ್ಟೆ ಕೊಡುವಾಗ, ಲುರೇನಾ ಎಂಥವಳು ಅಂತ ಶೇಡ್ ತಾತನನ್ನು ಕೇಳಿದೆ. ಡೆಲ್ಫಿ ನನ್ನ ಲಂಗದ ಹಿಂದೆ ಅಂಟಿಕೊಂಡು ನಿಂತಿದ್ದಳು. ತಾತ ಹೇಳಿದ: ಒಂದು ಕೋರ್ಟಿನ ದಿನ ಫ್ಯಾರಿಸ್ ಊರಲ್ಲಿರಲಿಲ್ಲ. ಕುಡಿದ ಗುಂಪೊಂದು ಜೈಲಿನೊಳಗಿದ್ದ ಹುಡುಗನೊಬ್ಬನನ್ನು ಎಳೆದು ಹೊಡೆಯಲು ಬಂತು. ಲುರೇನಾ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಮಜ್ಜಿಗೆ ಕಡೆಯುತ್ತ ಕೂತಳು. "'ಬೆಣ್ಣೆ ಬರೋ ತನಕ ನಾನು ಏಳಂಗಿಲ್ಲ ಕಣ್ರಪ್ಪಾ, ಅವಸರ ಇದ್ರೆ ನನ್ನ ದಾಟ್ಕೊಂಡ್ ಹೋಗಿ' ಅಂದ್ಲು. ಬಸುರಿ ಹೆಂಗ್ಸನ್ನ ಯಾವನು ದಾಟ್ತಾನೆ? ಬೆಣ್ಣೆ ಬಂದ್ರೂ ಕಡೀತಾನೇ ಇದ್ಲು. ಅವ್ರಿಗೆ ಅಮಲು ಇಳಿದು ಮನೆಗ್ ಹೋದ್ರು."

"ಹೊಟ್ಟೇಲಿದ್ದದ್ದು ನಾನಾ?" ಅಂದಳು ಡೆಲ್ಫಿ.

"ಇನ್ಯಾರು, ರಾಜ್ಯಪಾಲರಾ?"

ಹುಡುಗಿ ನಕ್ಕಳು. ಅವಳ ಹಲ್ಲಿನ ಸಾಲಿನಲ್ಲಿ ಸಂದಿ ಇರುವುದನ್ನು ಇವತ್ತೇ ನೋಡಿದ್ದು. ನನಗೂ ನಗು ಬಂತು. ಲುರೇನಾ ಬದುಕಿದ್ದರೆ ನಾವಿಬ್ಬರೂ ಸ್ನೇಹಿತೆಯರಾಗಿರುತ್ತಿದ್ದೆವೋ ಏನೋ ಅನ್ನಿಸಿತು. ಎಂಥ ಹುಚ್ಚು ಯೋಚನೆ. ಆಕೆ ಬದುಕಿದ್ದರೆ ನಾನು ಇಲ್ಲಿ ಯಾಕಿರುತ್ತಿದ್ದೆ?

ಜೂನ್ 30

ಲುರೇನಾಳ ಕಥೆ ಕೇಳಿಕೊಂಡು ಇಬ್ಬರೂ ಊರು ಸುತ್ತುತ್ತಿದ್ದೇವೆ. ಅಂಗಡಿಯವನಿಂದ ಒಂದು, ಕಮ್ಮಾರನಿಂದ ಒಂದು, ಹೋಟೆಲಿನಲ್ಲಿ ಇಳಿದುಕೊಳ್ಳುವ ವಕೀಲರಿಂದ ಕೂಡ ಒಂದು. ಎಲ್ಲವನ್ನೂ ಬೋಧಕರಿಗೆ ಹೇಳಿಕಳಿಸಿದ್ದೇವೆ. ಊರವರು ನನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಜುಲೈ 9

ಇವತ್ತು ಹುರಳಿಕಾಯಿ ಪೋಣಿಸುವ ಕೆಲಸ. ಚಳಿಗಾಲಕ್ಕೆ ಒಣಗಿಸಲು ಎರಡು ಮೂಟೆ. ಜಗಲಿಯಲ್ಲಿ ಕೂತು ನಾನು ನಾರು ತೆಗೆಯುವುದು, ಡೆಲ್ಫಿ ಸೂಜಿಯಲ್ಲಿ ಪೋಣಿಸುವುದು. "ಮಿಂಟಾ, ದಾರ ಮುಗೀತು" ಅಂದಳು. ದಾರ ಕೊಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು, ಹೆಸರು ಹಿಡಿದು ಕರೆದಳು. ಏನೂ ಆಗದವಳ ಹಾಗೆ ಕಾಯಿ ಮುರಿಯುತ್ತ ಕೂತೆ.

ಸೆಕೆಗೆ ಹಾಗೇ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಕಾಲು ಜೋಮು ಹಿಡಿಯಿತು. ಏಳಲಿಲ್ಲ. ಕೈದಿಗಳ ಊಟಕ್ಕೆ ಹೊತ್ತಾಯಿತು, ಒಳಗಿಂದ ತಟ್ಟೆ ಬಡಿಯತೊಡಗಿದರು. ಬಿಡುಗಡೆಯಾಗಿ ಹತ್ತು ದಿನಕ್ಕೇ ಮತ್ತೆ ಬಂದಿರುವ ಶೇಡ್ ತಾತ, "ಮಿಂಟಕ್ಕಾ, ನಮಗೆ ಮರಣದಂಡನೆ ಯಾವಾಗ ಆಯ್ತು?" ಅಂತ ಕೂಗಿದ. ಮಗುವಿಗೆ ಎಚ್ಚರವಾಗುತ್ತೆ ಅಂತ ಅವನಿಗೆ ಕೈಸನ್ನೆಯಲ್ಲೇ ಬೈದೆ.

ಜುಲೈ 24

ಪ್ರಸಂಗವನ್ನು ಮುಂದೆ ಹಾಕಿದರೆ ಹೇಗೆ ಅಂತ ಇವರನ್ನು ಕೇಳಿದೆ. ಆಗಸ್ಟಿನಲ್ಲಿ ಬಿಸಿಲು ಜಾಸ್ತಿ. ಕೋರ್ಟು ಕೂರುವ ವಾರ, ಜೈಲು ತುಂಬಿರುತ್ತದೆ. ಬಂದವರಿಗೆಲ್ಲ ಊಟ ಹಾಕಬೇಕು, ಕೇಕಿಗೆ ಒಣ ಸೇಬು ಸಾಲದು. ಟೆಂಪಜ್ಜಿಗೂ ಆ ಬಿಸಿಲಲ್ಲಿ ಗುಡ್ಡ ಹತ್ತುವುದು ಕಷ್ಟ.

ಇವರು ಊಟ ನಿಲ್ಲಿಸಿ ನೋಡಿದರು. "ಕುಣಿದಾಡಿ ದಿನ ಗೊತ್ತು ಮಾಡ್ಕೊಂಡು ಬಂದವ್ಳು ನೀನೇ ಅಲ್ವೇನೇ?"

"ಹೌದು. ಈಗ ಬೇಡ ಅಂತಿದೀನಿ."

"ಎಲ್ಲಾ ಚರ್ಚಲ್ಲೂ ಸಾರಿ ಆಯ್ತು ಮಿಂಟಾ. ಮೂರು ಕೌಂಟಿ ಜನ ಬರ್ತಾರೆ. ಈಗ ಬೇಡ ಅಂದ್ರೆ, ಲುರೇನಾಗೆ ಪ್ರಸಂಗ ಆಗ್ದಿರೋ ಹಾಗೆ ಎರಡನೆಯವ್ಳು ತಡೆದ್ಲು ಅಂತಾರೆ."

ಅಂತಾರೆ. ಅವರು ಏನು ತಾನೆ ಅನ್ನುವುದಿಲ್ಲ!

ಜುಲೈ 31

ಕೆಳಗಿನ ಸೇತುವೆ ಕುಸಿದಿದೆ ಅಂತ ಬೋಧಕರಿಗೆ ಹೇಳಿಕಳಿಸಿದೆ. ಸೇತುವೆ ಗಟ್ಟಿಯಾಗಿಯೇ ಇದೆ. ದೇವರು ಕ್ಷಮಿಸಲಿ.

ಆಗಸ್ಟ್ 6

ಬೋಧಕರ ಉತ್ತರ ಬಂತು. ಸೇತುವೆ ಇಲ್ಲದಿದ್ದರೆ ಪರವಾಗಿಲ್ಲ, ಬೆಟ್ಟದ ನೆತ್ತಿಯ ದಾರಿ ಹಿಡಿದು ಎರಡು ದಿನ ಮೊದಲೇ ಹೊರಡುತ್ತಾರಂತೆ. ಎಂಬತ್ತರ ಮುದುಕ, ಆ ಕಲ್ಲುದಾರಿಯಲ್ಲಿ. ನಾಚಿಕೆಯಿಂದ ಸತ್ತೆ. ಸೇತುವೆ ಸರಿಹೋಯಿತು ಅಂತ ಇವತ್ತೇ ಹೇಳಿಕಳಿಸಿದೆ.

ಆಗಸ್ಟ್ 18

ಕೋರ್ಟಿನ ವಾರ. ಊರು ಕಾಲಿಡಲು ಜಾಗವಿಲ್ಲದಷ್ಟು ತುಂಬಿದೆ. ನ್ಯಾಯಾಧೀಶರಿಗೆ ಬಿಸಿನೀರು, ಒಳಗಿನ ಹನ್ನೊಂದು ಜನಕ್ಕೆ ರೊಟ್ಟಿ, ಭಾನುವಾರದ ಕೇಕಿಗೆ ಒಂದೊಂದೇ ಪದರ ಸುಡುವುದು. ನಡುವೆ ಡೆಲ್ಫಿಯ ಹೊಸ ಅಂಗಿ ಮುಗಿಸಿದೆ. ಕೆಳಗೆ ಅಗಲವಾಗಿ ಮಡಚಿ ಹೊಲಿದಿದ್ದೇನೆ, ಬೆಳೆದ ಹಾಗೆ ಬಿಚ್ಚಿಕೊಂಡು ಹೋಗಬಹುದು. ಅಲ್ಲಿ ಬಿಚ್ಚುವವರು ಯಾರು? ಟೆಂಪಜ್ಜಿಗೆ ಈಗ ದಾರವೇ ಕಾಣುವುದಿಲ್ಲ.

ಅಂಗಿ ತೊಡಿಸಿ ತಿರುಗು ಅಂದೆ. ತಿರುಗಿದಳು. ಚೆನ್ನಾಗಿದೆ ಅಂತ ಹೇಳಲು ಹೋದವಳು ಅವಳ ಭುಜ ಕೊಡವಿದೆ. ಹಿಟ್ಟಿನ ಧೂಳು ಅಂದೆ.

ಆಗಸ್ಟ್ 21, ಭಾನುವಾರ

ಮುಗಿಯಿತು.

ಬೆಳಿಗ್ಗೆಯಿಂದಲೇ ಜನ ಗುಡ್ಡ ಹತ್ತಿದರು. ಸಮಾಧಿಗಳ ಪಕ್ಕ ಸೊಪ್ಪಿನ ಚಪ್ಪರ ಹಾಕಿ ಬೆಂಚು ಜೋಡಿಸಿದ್ದರು. ಮುಂದಿನ ಬೆಂಚು ಸತ್ತವರ ಸ್ವಂತದವರಿಗೆ. ಇವರು, ಡೆಲ್ಫಿ, ಟೆಂಪಜ್ಜಿ, ಲುರೇನಾಳ ಅಣ್ಣಂದಿರು ಅಲ್ಲಿ ಕೂತರು. ನಾನು ಹಿಂದೆ, ಊಟದ ಮೇಜುಗಳ ಹತ್ತಿರ ನೊಣ ಓಡಿಸುತ್ತ ನಿಂತೆ. ಯಾರೂ ಬಾ ಅನ್ನಲಿಲ್ಲ. ನಾನೂ ಕಾಯಲಿಲ್ಲ.

ಅನ್ಸೆಲ್ ಅವರು ಕೀರ್ತನೆಯ ಒಂದೊಂದೇ ಸಾಲು ಹೇಳಿಕೊಟ್ಟರು, ಜನ ಅದನ್ನು ಎಳೆದೆಳೆದು ಹಾಡಿದರು. ಆಮೇಲೆ ಪ್ರಸಂಗ. ಮಜ್ಜಿಗೆಯ ಕಥೆ ಹೇಳಿದರು. ನಾವು ಸುತ್ತಿ ಸುತ್ತಿ ಕೇಳಿಸಿಕೊಂಡು ಬಂದದ್ದನ್ನೆಲ್ಲ ಹೇಳಿದರು. ಜನ ನಕ್ಕರು, ಅತ್ತರು. ಅಲ್ಲಿದ್ದವಳು ಬರೀ ಒಬ್ಬ ಒಳ್ಳೆಯ ಹೆಂಗಸಲ್ಲ, ಲುರೇನಾಳೇ. ನಾನು ಒಂದು ದಿನವೂ ಕಣ್ಣಲ್ಲಿ ನೋಡದ ಆ ಹೆಂಗಸಿಗಾಗಿ ಏಪ್ರನ್ ತುದಿಯನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಅಂಚೆಯವನ ಹೆಂಡತಿ ಪಕ್ಕದವಳಿಗೆ, "ನೋಡೇ, ಇವ್ಳು ಯಾಕೆ ಅಳ್ತಾಳೆ?" ಅಂದದ್ದು ಕೇಳಿಸಿತು.

ಊಟವಾದ ಮೇಲೆ ಟೆಂಪಜ್ಜಿ ಬಂದು ನನ್ನ ಕೈ ಹಿಡಿದಳು. "ನನ್ ಮಗಳಿಗೆ ಒಳ್ಳೇದು ಮಾಡಿದೆ ಕಣಮ್ಮಾ. ಮಗೂ ಗಂಟು ಕಟ್ಟಿದೀಯಾ?"

"ಅಜ್ಜೀ, ಅವ್ಳು ನಂಗೆ ಬೇಕು," ಅಂದೆ. ಹೇಗೆ ಹೇಳಬೇಕು ಅಂತ ವಾರವೆಲ್ಲ ಯೋಚಿಸಿದ್ದೆ. ಬಾಯಿಗೆ ಬಂದದ್ದು ಇಷ್ಟೇ.

ಅಜ್ಜಿ ನನ್ನ ಕೈ ಬಿಡಲಿಲ್ಲ. "ನಂಗೂ ಬೇಕಮ್ಮಾ," ಅಂದಳು. "ಆದ್ರೆ ಎಳೆದಾಡೋಕೆ ಅವ್ಳೇನು ಕರು ಅಲ್ಲ. ಅವ್ಳನ್ನೇ ಕೇಳು. ಇರ್ತೀನಿ ಅಂದ್ರೆ ಇರ್ಲಿ, ನಾನು ಒಂದ್ ಮಾತೂ ಆಡಲ್ಲ."

ಡೆಲ್ಫಿ ತಾಯಿಯ ಕಲ್ಲಿನ ಹತ್ತಿರ ಹುಲ್ಲು ಕೀಳುತ್ತಿದ್ದಳು. ಹೋಗಿ ಪಕ್ಕದಲ್ಲಿ ಕುಳಿತು ಕೇಳಿದೆ. ನನ್ನ ಜೊತೆಯಲ್ಲೇ ಇರು ಅಂತ ಬೇಡಿಕೊಂಡೆ. ಅವಳು ಕೀಳುವುದನ್ನು ನಿಲ್ಲಿಸಿದಳು.

"ನಾನು ಅಜ್ಜಿಗೆ ಮಾತು ಕೊಟ್ಟಿದೀನಿ ಮಿಂಟಾ."

"ಯಾವಾಗ?"

"ನೀನು ಹೇಸರಗತ್ತೆ ಮೇಲೆ ಬೋಧಕರನ್ನ ಕರೆಯೋಕೆ ಹೋದೆಯಲ್ಲ, ಆ ವಾರ. ಅಜ್ಜಿ ಬಂದಿದ್ರು. ನಾನು ಇರೋದು ನಿಂಗೆ ಇಷ್ಟ ಇಲ್ಲ ಅಂತ ಗೊತ್ತಿತ್ತು. ಅದ್ಕೆ, ಬರ್ತೀನಿ ಅಜ್ಜಿ, ನಿನ್ನ ಬಿಟ್ಟು ಎಲ್ಲೂ ಹೋಗಲ್ಲ ಅಂತ ಆಣೆ ಮಾಡ್ದೆ. ಅವ್ರು ಆವತ್ತಿಂದ ಕಾಯ್ತಿದಾರೆ. ಮಂಚ ಮಾಡ್ಸಿದಾರಂತೆ." ಆಮೇಲೆ ಮೆಲ್ಲಗೆ ಅಂದಳು, "ಅವ್ರಿಗೆ ಕಣ್ಣು ಕಾಣಲ್ಲ. ಈಗ ಬರಲ್ಲ ಅಂತ ಹೆಂಗ್ ಹೇಳ್ಲಿ?"

ಅವಳ ಜಾಗದಲ್ಲಿ ಲುರೇನಾ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದಳು. ಅವಳು ಬಿಟ್ಟ ಹುಲ್ಲನ್ನು ನಾನು ಕೀಳತೊಡಗಿದೆ. ದಿನ ಗೊತ್ತು ಮಾಡಿಸಿದವಳು ನಾನು. ಬೇರೆ ಯಾರನ್ನು ದೂರಲಿ?

ಸಂಜೆಯ ಬಿಸಿಲಿರುವಾಗಲೇ ಹೊರಟರು. ಇವರು ಮಗಳನ್ನೆತ್ತಿ ಅಜ್ಜಿಯ ಹಿಂದೆ ಹೇಸರಗತ್ತೆಯ ಮೇಲೆ ಕೂರಿಸಿದರು, ಮುಖ ಆ ಕಡೆ ತಿರುಗಿಸಿಕೊಂಡು. ನಾನು ಗಂಟು ಕೊಟ್ಟೆ. ಸೂಜಿ ದಾರ, ಕೇಕು, ಎರಡು ಜೊತೆ ಕಾಲುಚೀಲ. ಬಿಚ್ಚುವ ಹೊಲಿಗೆ ಎಲ್ಲಿದೆ ಅಂತ ಮತ್ತೆ ತೋರಿಸಿದೆ. ಹೊಳೆ ತುಂಬಿದಾಗ ದಾಟಬೇಡ ಅಂದೆ. ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ, ಹೇಳಬೇಕಾದದ್ದೊಂದನ್ನು ಬಿಟ್ಟು. ಆಮೇಲೆ ಅದನ್ನೂ ಹೇಳಿದೆ.

ಡೆಲ್ಫಿ ಬಗ್ಗಿ ನನ್ನ ಕಿವಿಯ ಹತ್ತಿರ ಬಾಯಿ ತಂದಳು. "ನೀನು ಇವತ್ತು ಹಿಂದೆ ನಿಂತಿದ್ದೆ, ನಾನು ನೋಡ್ದೆ," ಅಂದಳು. "ನಿನ್ನ ಪ್ರಸಂಗ ಆಗೋವಾಗ ನಾನು ಬಂದೇ ಬರ್ತೀನಿ ಮಿಂಟಾ. ಎಷ್ಟ್ ದೂರ ಇದ್ರೂ ಬರ್ತೀನಿ. ಮುಂದಿನ ಬೆಂಚಲ್ಲಿ ಕೂತ್ಕೋತೀನಿ. ಯಾರು ಬೇಡ ಅಂದ್ರೂ ಏಳಲ್ಲ."

"ಬಾರಮ್ಮ," ಅಂದೆ.

ಕಚೇರಿಯ ಮೂಲೆ ತಿರುಗಿ ಅವರು ಕಾಣದಾದರು. ನನಗಿನ್ನೂ ಇಪ್ಪತ್ತೈದು. ನಮ್ಮ ತಾಯಿಯ ಕಡೆಯ ಹೆಂಗಸರೆಲ್ಲ ಎಂಬತ್ತು ದಾಟಿದ ಮೇಲೆಯೇ ಹೋಗುವುದು.